ಕರುಳನ್ನು ಬೆಳೆಸುವ ಹಾರ್ಮೋನು: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಹಾರ್ಮೋನು ಬೀಗದ ಕೈ ಇದ್ದಂತೆ, ಜೀವಕೋಶದ ಮೇಲಿರುವ ಗ್ರಾಹಕವು ಬೀಗ ಇದ್ದಂತೆ ಎಂದು ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದೇನೆ. ಇತ್ತೀಚೆಗೆ ಓದಿದ ಲೇಖನವೊಂದರಲ್ಲಿ, ಸಣ್ಣ ಕರುಳಿನ ಒಳಪದರವನ್ನು ಬೆಳೆಸುವ ಜಿಎಲ್‌ಪಿ-2 ಎಂಬ ಹಾರ್ಮೋನಿಗೆ ಬೆಳೆಯುವ ಆ ಕೋಶಗಳ ಮೇಲೆ ಬೀಗವೇ ಇಲ್ಲ ಎಂದು ಬರೆದಿತ್ತು. ಬೀಗವೇ ಇಲ್ಲದ ಕಡೆ ಕೈ ಏನು ಕೆಲಸ ಮಾಡೀತು? (ತುಮಕೂರಿನಿಂದ ಅಧ್ಯಾಪಕರೊಬ್ಬರು)

ಉತ್ತರ: ನೀವು ಓದಿದ್ದು ಬಹುಮಟ್ಟಿಗೆ ನಿಜ, ಮತ್ತು ನಿಮ್ಮ ಸಂಶಯವೂ ನ್ಯಾಯವಾದದ್ದೇ. ಉತ್ತರಕ್ಕೆ ಮುಂಚೆ ಪದದ ಬಗ್ಗೆ ಒಂದು ಮಾತು. ಗ್ರಾಹಕ ಎಂದೊಡನೆ ನಮ್ಮ ಬಹುಪಾಲು ಓದುಗರಿಗೆ ಅಂಗಡಿಗೆ ಬರುವವರೇ ನೆನಪಾಗುತ್ತಾರೆ. ಆದ್ದರಿಂದ ಇಲ್ಲಿ ರಿಸೆಪ್ಟರ್ ಎಂಬ ರೂಢಿಯ ಪದವನ್ನೇ ಬಳಸುತ್ತೇವೆ.

ಮೊದಲು ಕರುಳು ಬೆಳೆಯುವುದು ಎಂದರೇನು ಎಂಬುದನ್ನು ನೋಡೋಣ. ಸಣ್ಣ ಕರುಳಿನ ಒಳಮೈ ತುಂಬ ವಿಲ್ಲೈ ಎಂಬ ಬೆರಳಿನಾಕಾರದ ಚಾಚುಗಳಿವೆ, ಅವುಗಳ ಬುಡದಲ್ಲಿ ಕಿರಿದಾದ ಕುಳಿಗಳಿವೆ. ಕುಳಿಯ ತಳದಲ್ಲಿ ಕುಳಿತ ಆಕರ ಕೋಶಗಳು ದಿನವೂ ಒಡೆದು ಹೊಸ ಕೋಶಗಳನ್ನು ಹುಟ್ಟಿಸುತ್ತವೆ. ನೆದರ್‌ಲ್ಯಾಂಡ್ಸಿನ ಹ್ಯಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯ 2007ರಲ್ಲಿ ಈ ಕೋಶಗಳನ್ನು ಗುರುತು ಹಿಡಿಯುವ ಖಚಿತವಾದ ಚಿಹ್ನೆಯೊಂದನ್ನು ಕಂಡುಕೊಂಡಿತು. ಹುಟ್ಟಿದ ಕೋಶಗಳು ಒಂದರ ಹಿಂದೊಂದು ಮೇಲಕ್ಕೆ ಸರಿದು, ವಿಲ್ಲೈಯ ತುದಿ ತಲುಪಿದ ಮೇಲೆ ಕಳಚಿ ಬೀಳುತ್ತವೆ. ಈ ಪಯಣಕ್ಕೆ ಮೂರರಿಂದ ಐದು ದಿನ ಸಾಕು, ಅಂದರೆ ಹೋದ ವಾರ ನಿಮ್ಮ ಊಟವನ್ನು ಹೀರಿಕೊಂಡ ಕೋಶಗಳಲ್ಲಿ ಬಹುತೇಕ ಈ ವಾರ ಇಲ್ಲ. ಹಾಗಾಗಿ ಒಳಪದರದ ಬೆಳವಣಿಗೆಯೆಂದರೆ ಕುಳಿಯಲ್ಲಿನ ಹುಟ್ಟಿಗೂ ತುದಿಯಲ್ಲಿನ ಸಾವಿಗೂ ನಡುವಿನ ಲೆಕ್ಕ. ಹುಟ್ಟು ಹೆಚ್ಚಿದರೂ ಸಾವು ಕಡಿಮೆಯಾದರೂ ವಿಲ್ಲೈ ಉದ್ದವಾಗುತ್ತದೆ, ಹೀರುವ ಮೈ ಹಿಗ್ಗುತ್ತದೆ. (ಈ ಮೈಯನ್ನು ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ಹಳೆಯ ಪಠ್ಯಗಳಲ್ಲಿದೆ. ಸ್ವೀಡನ್ನಿನಲ್ಲಿ ಮತ್ತೆ ಅಳೆದು 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಇಡೀ ಜೀರ್ಣನಾಳದ ಒಳಮೈ ಸುಮಾರು 30 ಚದರ ಮೀಟರು, ಅಂದರೆ ಸಾಧಾರಣ ಮನೆಯೊಂದರ ಹಜಾರದಷ್ಟು. ಪಾಠ ಹೇಳುವಾಗ ಇದನ್ನು ತಿದ್ದಿಕೊಳ್ಳಬಹುದು.)

ಈ ಲೆಕ್ಕವನ್ನು ಯಾವುದೋ ಹಾರ್ಮೋನು ಏರುಪೇರು ಮಾಡುತ್ತಿರಬೇಕೆಂಬ ಗುಮಾನಿಗೆ ಕಾರಣವಾದದ್ದು 1971ರಲ್ಲಿ ಬ್ರಿಟನ್ನಿನ ವೈದ್ಯರು ವರದಿ ಮಾಡಿದ ಒಂದು ಪ್ರಕರಣ. ಒಬ್ಬ ಮಹಿಳೆಯ ಮೂತ್ರಪಿಂಡದಲ್ಲಿ ಹಾರ್ಮೋನು ಸ್ರವಿಸುವ ಗಡ್ಡೆಯಿತ್ತು, ಆದರೆ ವಿಚಿತ್ರವೆಂಬಂತೆ ಆಕೆಯ ಸಣ್ಣ ಕರುಳಿನ ವಿಲ್ಲೈಗಳು ಅಸಾಮಾನ್ಯವಾಗಿ ದೊಡ್ಡದಾಗಿದ್ದವು, ಆಹಾರ ಕರುಳಿನಲ್ಲಿ ಮುಂದೆ ಸಾಗುವ ವೇಗವೂ ತೀರ ತಗ್ಗಿತ್ತು. ಗಡ್ಡೆಯನ್ನು ತೆಗೆದ ಮೇಲೆ ಕರುಳು ಸಹಜ ಸ್ಥಿತಿಗೆ ಬಂತು. ಗಡ್ಡೆಯಿಂದ ಬಂದ ವಸ್ತು ಗ್ಲುಕಗಾನ್ ಹಾರ್ಮೋನಿನ ಬಳಗಕ್ಕೆ ಸೇರಿದ್ದು ಎಂಬಲ್ಲಿಗೆ ವಿಷಯ ನಿಂತಿತು. ಆ ಬಳಗದಲ್ಲಿ ನಿಜವಾದ ಕಾರಣಕರ್ತ ಯಾರು ಎಂದು ತಿಳಿಯಲು ಇನ್ನೂ ಇಪ್ಪತ್ತೈದು ವರ್ಷ ಬೇಕಾಯಿತು. ಗ್ಲುಕಗಾನಿನ ಜೀನು 160 ಅಮೈನೋ ಆಮ್ಲಗಳ ಉದ್ದನೆಯ ಸರಪಳಿಯೊಂದನ್ನು ತಯಾರಿಸುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಅದನ್ನು ಒಂದು ಕಡೆ ಕತ್ತರಿಸಿದರೆ ಗ್ಲುಕಗಾನ್ ಸಿಗುತ್ತದೆ. ಕರುಳಿನ ಒಳಪದರದಲ್ಲಿದ್ದು ಹಾರ್ಮೋನು ಸ್ರವಿಸುವ ಎಲ್ ಎಂಬ ಕೋಶಗಳಲ್ಲಿ ಬೇರೆ ಕಿಣ್ವವೊಂದು ಬೇರೆ ಕಡೆಗಳಲ್ಲಿ ಕತ್ತರಿಸುವುದರಿಂದ ಜಿಎಲ್‌ಪಿ-1, ಜಿಎಲ್‌ಪಿ-2 ಮತ್ತು ಇತರ ತುಂಡುಗಳು ಸಿಗುತ್ತವೆ. ಒಂದೇ ಥಾನಿನ ಬಟ್ಟೆಯಿಂದ ಇಬ್ಬರು ದರ್ಜಿಗಳು ಬೇರೆ ಬೇರೆ ಉಡುಪು ಹೊಲಿದ ಹಾಗೆ. 1996ರಲ್ಲಿ ಟೊರಾಂಟೋದ ಡೇನಿಯಲ್ ಡ್ರಕರ್ ಮತ್ತು ಸಂಗಡಿಗರು ಈ ತುಂಡುಗಳನ್ನು ಬೇರೆ ಬೇರೆಯಾಗಿ ಇಲಿಗಳಿಗೆ ಚುಚ್ಚಿ ನೋಡಿದಾಗ, ಕರುಳಿನ ಒಳಪದರವನ್ನು ಎಲ್ಲಕ್ಕಿಂತ ಪ್ರಬಲವಾಗಿ ಬೆಳೆಸಿದ್ದು 33 ಅಮೈನೋ ಆಮ್ಲಗಳ ಜಿಎಲ್‌ಪಿ-2.

ಅದರ ರಿಸೆಪ್ಟರ್ ಪತ್ತೆಯಾದದ್ದು 1999ರಲ್ಲಿ. ಕೋಶಪೊರೆಯನ್ನು ಏಳು ಸಲ ಹಾದು ಒಳಗೂ ಹೊರಗೂ ಹೊಲಿಗೆ ಹಾಕಿದಂತೆ ಕುಳಿತಿರುವ ಪ್ರೋಟೀನು ಅದು. ಹೊರಭಾಗಕ್ಕೆ ಹಾರ್ಮೋನು ಬಂದು ಅಂಟಿದಾಗ ಒಳಭಾಗದ ಆಕಾರ ತುಸು ಬದಲಾಗುತ್ತದೆ. ಪಕ್ಕದಲ್ಲಿರುವ ಜಿ ಪ್ರೋಟೀನು ಎಚ್ಚರಗೊಂಡು ಅಡೆನಿಲಿಲ್ ಸೈಕ್ಲೇಸ್ ಎಂಬ ಕಿಣ್ವವನ್ನು ಕೆಲಸಕ್ಕೆ ಹಚ್ಚುತ್ತದೆ. ಆ ಕಿಣ್ವ ಸೈಕ್ಲಿಕ್ ಎಎಂಪಿ ಎಂಬ ಚಿಕ್ಕ ಅಣುವನ್ನು ಹೇರಳವಾಗಿ ತಯಾರಿಸುತ್ತದೆ, ಸುದ್ದಿಯನ್ನು ಕೋಶದೊಳಗೆ ಹರಡುವುದು ಈ ಅಣು. ಹಾರ್ಮೋನು ಕೋಶದ ಒಳಗೆ ಕಾಲಿಡುವುದೇ ಇಲ್ಲ. ಇಷ್ಟರವರೆಗೆ ನಿಮ್ಮ ಬೀಗ ಮತ್ತು ಕೈಯ ಹೋಲಿಕೆಗೆ ಯಾವ ಬಾಧೆಯೂ ಇಲ್ಲ.

ತೊಡಕು ಬಂದದ್ದು ಈ ರಿಸೆಪ್ಟರ್ ಎಲ್ಲೆಲ್ಲಿದೆ ಎಂದು ಹುಡುಕಿದಾಗ. ಒಡೆದು ಹೆಚ್ಚಾಗುವ ಕುಳಿಯ ಕೋಶಗಳ ಮೇಲೆ ಅದು ಇರಲೇಬೇಕೆಂದು ಎಲ್ಲರೂ ನಿರೀಕ್ಷಿಸಿದ್ದರು. ಸಿಕ್ಕಿದ್ದು ಮುಖ್ಯವಾಗಿ ಒಳಪದರದ ಅಡಿಯಲ್ಲಿ: ಕರುಳಿನ ಗೋಡೆಯೊಳಗಿನ ನರಕೋಶಗಳಲ್ಲಿ, ಕುಳಿಯನ್ನು ಹೊರಗಿನಿಂದ ಬುಟ್ಟಿಯಂತೆ ತಬ್ಬಿಕೊಂಡಿರುವ ಮಯೋಫೈಬ್ರೋಬ್ಲಾಸ್ಟ್ ಎಂಬ ಆಧಾರಕೋಶಗಳಲ್ಲಿ, ಮತ್ತೆ ಹಾರ್ಮೋನು ಸ್ರವಿಸುವ ಕೆಲವು ಕೋಶಗಳಲ್ಲಿ. ಯೋಚಿಸಿದರೆ ಇದರಲ್ಲಿ ಒಂದು ಸಹಜತೆಯೂ ಇದೆ. ಎಲ್ ಕೋಶದ ತುದಿ ಕರುಳಿನ ಒಳಕ್ಕೆ ಮುಖ ಮಾಡಿ ಊಟದ ರುಚಿ ನೋಡುತ್ತಿದ್ದರೂ ಅದು ಹಾರ್ಮೋನನ್ನು ಸುರಿಯುವುದು ತನ್ನ ಬುಡದ ಕಡೆಗೆ; ಅಲ್ಲಿ ಅದಕ್ಕೆ ಮೊದಲು ಎದುರಾಗುವವರು ಈ ನೆರೆಯವರೇ.

ಸುದ್ದಿ ಕೇಳಿದ ಆಧಾರಕೋಶಗಳು ತಮ್ಮದೇ ಬೆಳವಣಿಗೆಯ ಅಂಶಗಳನ್ನು ಹೊರಸೂಸುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಐಜಿಎಫ್-1. ಅದಕ್ಕೆ ಬೇಕಾದ ರಿಸೆಪ್ಟರ್ ಮಾತ್ರ ಕುಳಿಯ ಕೋಶಗಳ ಮೇಲೆಯೇ ಇದೆ, ಆ ಎರಡನೆಯ ಬೀಗ ತೆರೆದಾಗ ಕೋಶವಿಭಜನೆ ಚುರುಕಾಗುತ್ತದೆ. ಐಜಿಎಫ್-1 ತಯಾರಿಸಲಾರದ ಇಲಿಗಳಿಗೆ ಜಿಎಲ್‌ಪಿ-2 ಕೊಟ್ಟಾಗ ಕರುಳು ಬೆಳೆಯಬೇಕಾದಷ್ಟು ಬೆಳೆಯಲಿಲ್ಲ ಎಂಬುದೇ ಇದಕ್ಕೆ ಬಲವಾದ ಸಾಕ್ಷ್ಯ. ಇಜಿಎಫ್ ಬಳಗದ ಅಂಶಗಳೂ ಇದೇ ಬಗೆಯ ಮಧ್ಯವರ್ತಿಗಳು. ಇತ್ತ ನರಕೋಶಗಳು ನೈಟ್ರಿಕ್ ಆಕ್ಸೈಡ್ ಮೊದಲಾದವನ್ನು ಬಿಟ್ಟು ಕರುಳಿನ ರಕ್ತನಾಳಗಳನ್ನು ಸಡಿಲಿಸುತ್ತವೆ, ಬೆಳೆಯುವ ಪದರಕ್ಕೆ ರಕ್ತ ಹೆಚ್ಚು ಹರಿಯುತ್ತದೆ. ಬೆಳವಣಿಗೆಗೆ ದಿನಗಟ್ಟಲೆ ಬೇಕು, ರಕ್ತದ ಹರಿವು ಹೆಚ್ಚಲು ನಿಮಿಷಗಳು ಸಾಕು. ಒಂದೇ ಹಾರ್ಮೋನಿನ ಕೆಲಸದಲ್ಲಿ ಇಷ್ಟು ಅಂತರ ಬರುವುದಕ್ಕೆ ಕೇಳುವ ಕೋಶಗಳು ಬೇರೆ ಬೇರೆಯಾಗಿರುವುದೇ ಕಾರಣ.

ಆದ್ದರಿಂದ ಮಕ್ಕಳಿಗೆ ಬೀಗದ ಜೊತೆ ಡಂಗುರದ ಹೋಲಿಕೆಯನ್ನೂ ಹೇಳಬಹುದು. ಡಂಗುರದ ದನಿ ಊರಿಗೆಲ್ಲ ಹರಡುತ್ತದೆ, ಕಿವಿ ಇದ್ದವರಿಗಷ್ಟೇ ಕೇಳಿಸುತ್ತದೆ. ಕುಳಿಯ ಕೋಶಕ್ಕೆ ಆ ಕಿವಿಯಿಲ್ಲ, ಅದು ಪಕ್ಕದ ಮನೆಯವರಿಂದ ಸುದ್ದಿ ತಿಳಿಯುತ್ತದೆ. ಬೀಗದ ಹೋಲಿಕೆಯಿಂದ ಯಾವ ಹಾರ್ಮೋನು ಯಾವ ರಿಸೆಪ್ಟರಿಗೆ ಕೂರುತ್ತದೆ ಎಂಬುದು ತಿಳಿಯುತ್ತದೆಯೇ ಹೊರತು, ಬಾಗಿಲು ತೆರೆದ ಮೇಲೆ ಒಳಗಿನವರು ಏನು ಮಾಡುತ್ತಾರೆ ಎಂಬುದು ತಿಳಿಯುವುದಿಲ್ಲ.

ಇನ್ನೊಂದು ಪ್ರಯೋಗವನ್ನು ಹೇಳದೆ ಈ ಉತ್ತರ ಪೂರ್ತಿಯಾಗದು. ಜಿಎಲ್‌ಪಿ-2 ರಿಸೆಪ್ಟರೇ ಇಲ್ಲದಂತೆ ಮಾಡಿದ ಇಲಿಗಳ ಕರುಳು ಸಾಧಾರಣ ದಿನಗಳಲ್ಲಿ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಉಪವಾಸ ಕೆಡವಿ ಮತ್ತೆ ಮೇವು ಕೊಟ್ಟಾಗ ವ್ಯತ್ಯಾಸ ಕಾಣುತ್ತದೆ: ಬೇರೆ ಇಲಿಗಳ ಕರುಳು ಸೊರಗಿದ್ದನ್ನು ಮರಳಿ ತುಂಬಿಕೊಂಡರೆ ಇವುಗಳದು ತುಂಬಿಕೊಳ್ಳುವುದಿಲ್ಲ. ಅಂದರೆ ಕರುಳನ್ನು ಕಟ್ಟುವ ಮೇಸ್ತ್ರಿ ಜಿಎಲ್‌ಪಿ-2 ಎಂದು ತಿಳಿಯಬಾರದು. ಬಂದ ಊಟಕ್ಕೆ ತಕ್ಕಂತೆ ಕಟ್ಟಡವನ್ನು ಹಿಗ್ಗಿಸಬೇಕು ಎಂಬ ಬೇಡಿಕೆಯನ್ನು ತಲುಪಿಸುವುದು ಅದರ ಕೆಲಸ.

ಪ್ರಶ್ನೆ: ಕರುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರಿಂದ ನನ್ನ ತಂದೆಯವರ ಸಣ್ಣ ಕರುಳಿನ ಬಹುಭಾಗವನ್ನು ತೆಗೆಯಬೇಕಾಯಿತು. ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಉಳಿದಿದೆ, ದೊಡ್ಡ ಕರುಳು ಇದೆ. ರಕ್ತನಾಳದ ಮೂಲಕ ಪೋಷಣೆ ಕೊಡುತ್ತಿದ್ದಾರೆ. ಊಟ ಮಾಡಿದರೆ ಭೇದಿಯಾಗುತ್ತದೆ, ಆದರೂ ವೈದ್ಯರು ಬಾಯಿಯಿಂದ ಸ್ವಲ್ಪ ಸ್ವಲ್ಪ ತಿನ್ನಲೇಬೇಕು ಎನ್ನುತ್ತಾರೆ. ಇದರ ಅರ್ಥವೇನು? ಕರುಳು ಬೆಳೆಸುವ ಔಷಧ ಇದೆಯೇ? (ಹುಬ್ಬಳ್ಳಿಯಿಂದ ಒಬ್ಬ ಓದುಗರು)

ಉತ್ತರ: ನಿಮ್ಮ ತಂದೆಯವರ ವೈದ್ಯರು ಹೇಳಿರುವುದಕ್ಕೆ ಆಧಾರ ಮೇಲಿನ ಉತ್ತರದಲ್ಲೇ ಇದೆ. ಎಲ್ ಕೋಶಗಳು ಹಾರ್ಮೋನು ಬಿಡುವುದು ಪಿಷ್ಟ, ಕೊಬ್ಬು ಮುಂತಾದವು ಕರುಳಿನೊಳಗೆ ಬಂದು ಮುಟ್ಟಿದಾಗ. ರಕ್ತನಾಳದ ಮೂಲಕ ಎಷ್ಟೇ ಪುಷ್ಟಿಕರವಾದದ್ದನ್ನು ಕೊಟ್ಟರೂ ಕರುಳಿನ ಒಳಭಾಗ ಬರಿದಾಗಿಯೇ ಇರುವುದರಿಂದ ಆ ಸುದ್ದಿ ಹೊರಡುವುದಿಲ್ಲ. ಹೀಗೆ ರಕ್ತದ ಮೂಲಕ ಮಾತ್ರ ಪೋಷಿಸಿದ ಇಲಿಗಳ ಒಳಪದರ ಕೆಲವೇ ದಿನಗಳಲ್ಲಿ ಸೊರಗುತ್ತದೆ, ಜೊತೆಗೆ ಜಿಎಲ್‌ಪಿ-2 ಹರಿಸಿದರೆ ಆ ಸೊರಗು ತಪ್ಪುತ್ತದೆ. ಮನುಷ್ಯರಲ್ಲಿ ಸೊರಗುವಿಕೆ ಇಲಿಗಳಷ್ಟು ತೀವ್ರವಲ್ಲ, ಆದರೆ ದಿಕ್ಕು ಅದೇ.

ಸಣ್ಣ ಕರುಳು ಎರಡು ಮೀಟರಿಗಿಂತ ಕಡಿಮೆ ಉಳಿದಾಗ ಬರುವ ತೊಂದರೆಯನ್ನು ವೈದ್ಯರು ಶಾರ್ಟ್ ಬವೆಲ್ ಎನ್ನುತ್ತಾರೆ. ಉಳಿದ ತುಂಡು ಉದ್ದಕ್ಕೆ ಬೆಳೆದು ಮೊದಲಿನಷ್ಟಾಗುವುದಿಲ್ಲ; ಅದು ಅಗಲವಾಗುತ್ತದೆ, ವಿಲ್ಲೈಗಳು ಎತ್ತರವಾಗುತ್ತವೆ, ಆಹಾರ ಸಾಗುವ ವೇಗ ತಗ್ಗುತ್ತದೆ. ಈ ಹೊಂದಾಣಿಕೆ ಮೊದಲ ಎರಡು ವರ್ಷಗಳಲ್ಲಿ ಹೆಚ್ಚಾಗಿ ನಡೆಯುತ್ತದೆ. ದೊಡ್ಡ ಕರುಳು ಉಳಿದಿರುವುದು ನಿಮ್ಮ ತಂದೆಯವರ ಪಾಲಿಗೆ ದೊಡ್ಡ ಅನುಕೂಲ. ಅದು ನೀರನ್ನು ಹೀರುತ್ತದೆ, ಜೊತೆಗೆ ಎಲ್ ಕೋಶಗಳ ದಂಡೂ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಮತ್ತು ದೊಡ್ಡ ಕರುಳಿನಲ್ಲಿಯೇ ನೆಲೆಸಿದೆ. ಆ ಎರಡು ಭಾಗಗಳನ್ನೂ ಕಳೆದುಕೊಂಡವರಲ್ಲಿ ಊಟದ ನಂತರ ಜಿಎಲ್‌ಪಿ-2 ಏರಬೇಕಾದಷ್ಟು ಏರುವುದಿಲ್ಲ ಎಂದು ಕೋಪನ್‌ಹೇಗನ್ನಿನ ಪಾಲೆ ಯೆಪ್ಪೆಸೆನ್ ಅವರ ತಂಡ ತೋರಿಸಿತು. ಅಂತಹ ಎಂಟು ಮಂದಿಗೆ ದಿನಕ್ಕೆರಡು ಸಲ, 35 ದಿನ ಇದೇ ಹಾರ್ಮೋನನ್ನು ಚರ್ಮದಡಿ ಚುಚ್ಚಿದಾಗ ಅವರ ಕರುಳು ಹೀರುವ ಪ್ರಮಾಣ ಸುಧಾರಿಸಿತು ಎಂದು ಅದೇ ತಂಡ 2001ರಲ್ಲಿ ವರದಿ ಮಾಡಿತು.

ಎರಡನೆಯ ಪ್ರಶ್ನೆಗೆ ಬಂದರೆ, ಔಷಧ ಇದೆ. ಸಹಜ ಜಿಎಲ್‌ಪಿ-2 ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ, ಏಕೆಂದರೆ ಡಿಪಿಪಿ-4 ಎಂಬ ಕಿಣ್ವ ಅದರ ಮೊದಲ ಎರಡು ಅಮೈನೋ ಆಮ್ಲಗಳನ್ನು ಕತ್ತರಿಸಿಬಿಡುತ್ತದೆ. ಎರಡನೆಯ ಸ್ಥಾನದಲ್ಲಿರುವ ಅಲನಿನ್ ಬದಲು ಗ್ಲೈಸಿನ್ ಇಟ್ಟರೆ ಕಿಣ್ವಕ್ಕೆ ಹಲ್ಲು ಊರಲು ಆಗುವುದಿಲ್ಲ. ಈ ಒಂದೇ ಬದಲಾವಣೆಯಿಂದ ತಯಾರಾದ ಔಷಧದ ಹೆಸರು ಟೆಡುಗ್ಲುಟೈಡ್. 2012ರಲ್ಲಿ ಯೂರೋಪ್ ಮತ್ತು ಅಮೆರಿಕಗಳಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ದಿನಕ್ಕೊಂದು ಚುಚ್ಚುಮದ್ದು. ಕೆಲವರಿಗೆ ರಕ್ತನಾಳದ ಪೋಷಣೆಯ ದಿನಗಳು ಕಡಿಮೆಯಾಗುತ್ತವೆ, ಕೆಲವರಿಗೆ ಅದು ಪೂರ್ತಿ ತಪ್ಪುತ್ತದೆ, ಎಲ್ಲರಿಗೂ ಒಂದೇ ಫಲ ಸಿಗುವುದಿಲ್ಲ. ನಿಲ್ಲಿಸಿದರೆ ಬೆಳೆದದ್ದು ಮತ್ತೆ ಇಳಿಮುಖವಾಗುವ ಸಂಭವವಿದೆ. ಬೆಲೆಯೂ ಬಹಳ ಹೆಚ್ಚು.

ಬೆಳೆಸುವ ಔಷಧ ಬೆಳೆಯಬಾರದ್ದನ್ನೂ ಬೆಳೆಸೀತೇ ಎಂಬ ಭಯ ಅಕಾರಣವಲ್ಲ. ಕ್ಯಾನ್ಸರ್ ಉಂಟುಮಾಡುವ ರಾಸಾಯನಿಕ ಕೊಟ್ಟ ಇಲಿಗಳಲ್ಲಿ ಜಿಎಲ್‌ಪಿ-2 ಕರುಳಿನ ಗಡ್ಡೆಗಳನ್ನು ಹೆಚ್ಚಿಸಿದ್ದು ಕಂಡುಬಂದಿದೆ. ಹೀಗಾಗಿ ಈ ಔಷಧ ಶುರು ಮಾಡುವ ಮುನ್ನ ವಯಸ್ಕರಿಗೆ ಕೊಲೊನೋಸ್ಕೋಪಿ ಮಾಡಿ, ಪಾಲಿಪ್ ಎಂಬ ಗಂಟುಗಳಿದ್ದರೆ ತೆಗೆದುಹಾಕಿ, ಆಮೇಲೂ ಕಾಲಕಾಲಕ್ಕೆ ಪರೀಕ್ಷಿಸುತ್ತಾರೆ; ಜೀರ್ಣಾಂಗದಲ್ಲಿ ಕ್ಯಾನ್ಸರ್ ಇರುವವರಿಗೆ ಕೊಡುವುದಿಲ್ಲ. ನಿಮ್ಮ ತಂದೆಯವರಿಗೆ ಇದು ಬೇಕೇ ಬೇಡವೇ ಎಂಬುದನ್ನು ಅವರ ದಾಖಲೆಗಳನ್ನು ನೋಡಿದ ಕರುಳುರೋಗ ತಜ್ಞರೇ ಹೇಳಬೇಕು. ಸದ್ಯಕ್ಕೆ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರೇಳು ಸಲ ತಿನ್ನುವುದನ್ನು ಭೇದಿಯಾಗುತ್ತದೆಂದು ತಾವಾಗಿಯೇ ನಿಲ್ಲಿಸದಿರಲಿ, ಬರಿಯ ನೀರನ್ನೇ ಹೆಚ್ಚು ಕುಡಿಯುವ ಬದಲು ವೈದ್ಯರು ಹೇಳಿದಂತೆ ಓಆರ್‌ಎಸ್ ಬಳಸಲಿ.

ಪ್ರಶ್ನೆ: ನಾನು ಸಕ್ಕರೆ ಕಾಯಿಲೆಗೆ ವಿಲ್ಡಾಗ್ಲಿಪ್ಟಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಅದು ಡಿಪಿಪಿ-4 ಕಿಣ್ವವನ್ನು ತಡೆಯುತ್ತದೆ ಎಂದು ಚೀಟಿಯಲ್ಲಿ ಓದಿದೆ. ಆ ಕಿಣ್ವ ಕರುಳಿನ ಬೇರೆ ಹಾರ್ಮೋನುಗಳನ್ನೂ ಕತ್ತರಿಸುತ್ತದಂತೆ. ನನ್ನ ಕರುಳು ಬೆಳೆಯುತ್ತಿದೆಯೇ? (ಮಂಗಳೂರಿನಿಂದ ನಿವೃತ್ತ ಬ್ಯಾಂಕ್ ಉದ್ಯೋಗಿ)

ಉತ್ತರ: ಔಷಧದ ಚೀಟಿಯನ್ನು ಇಷ್ಟು ಗಮನವಿಟ್ಟು ಓದುವವರು ವಿರಳ. ನಿಮ್ಮ ತರ್ಕ ಸರಿಯಾಗಿದೆ. ಊಟವಾದಾಗ ಎಲ್ ಕೋಶಗಳು ಜಿಎಲ್‌ಪಿ-1 ಮತ್ತು ಜಿಎಲ್‌ಪಿ-2 ಎರಡನ್ನೂ ಒಟ್ಟಿಗೆ ಬಿಡುತ್ತವೆ, ಡಿಪಿಪಿ-4 ಎರಡನ್ನೂ ಕತ್ತರಿಸುತ್ತದೆ. ಮಾತ್ರೆಯ ಉದ್ದೇಶ ಮೊದಲನೆಯದನ್ನು ಉಳಿಸುವುದು. ಅದು ಇನ್ಸುಲಿನ್ ಸ್ರವಿಕೆಗೆ ನೆರವಾಗುತ್ತದೆ. ಎರಡನೆಯದೂ ಅದರ ಜೊತೆ ಒಂದಿಷ್ಟು ಉಳಿಯುತ್ತದೆ. 1997ರಲ್ಲಿ ನಡೆದ ಪ್ರಯೋಗವೊಂದು ನಿಮ್ಮ ಸಂಶಯಕ್ಕೆ ಪುಷ್ಟಿ ಕೊಡುತ್ತದೆ: ಜಿಎಲ್‌ಪಿ-2 ಚುಚ್ಚಿದಾಗ ಸಾಮಾನ್ಯ ಹೆಗ್ಗಣಗಳ ಕರುಳು ಬೆಳೆಯಲಿಲ್ಲ, ಹುಟ್ಟಿನಿಂದಲೇ ಡಿಪಿಪಿ-4 ಇಲ್ಲದ ಹೆಗ್ಗಣಗಳ ಕರುಳು ಬೆಳೆಯಿತು.

ಆದರೂ ನೀವು ಗಾಬರಿಯಾಗಬೇಕಿಲ್ಲ. ಆ ಪ್ರಾಣಿಗಳಿಗೆ ಹಾರ್ಮೋನನ್ನು ಹೊರಗಿನಿಂದ ತುಂಬಿದ್ದರು. ನಿಮ್ಮಲ್ಲಿ ಇರುವುದು ಊಟದ ನಂತರ ಸಹಜವಾಗಿ ಹೊರಡುವ ಅಲ್ಪ ಪ್ರಮಾಣ, ಮಾತ್ರೆಯಿಂದ ಅದು ಕೆಲವು ಪಟ್ಟು ಹೆಚ್ಚಬಹುದಷ್ಟೆ. ಕಿಣ್ವವನ್ನು ತಡೆದರೂ ಮೂತ್ರಪಿಂಡಗಳು ಹಾರ್ಮೋನನ್ನು ರಕ್ತದಿಂದ ತೆಗೆಯುತ್ತಲೇ ಇರುತ್ತವೆ. ಇನ್ನೂ ಒಂದು ಸೋಜಿಗವಿದೆ. ಕತ್ತರಿಸಿ ಉಳಿದ 31 ಅಮೈನೋ ಆಮ್ಲಗಳ ತುಂಡು ರಿಸೆಪ್ಟರಿಗೆ ಹೋಗಿ ಕೂರಬಲ್ಲದು, ಆದರೆ ಅದನ್ನು ಚೆನ್ನಾಗಿ ಎಬ್ಬಿಸಲಾರದು. ಬೀಗದೊಳಗೆ ಹೊಕ್ಕರೂ ಸರಿಯಾಗಿ ತಿರುಗದ ಸವೆದ ಕೈಯಂತೆ ಅದು ಜಾಗ ಹಿಡಿದು ಕುಳಿತಿರುತ್ತದೆ.

ಇದೇ ಸಂದರ್ಭದಲ್ಲಿ, ತೂಕ ಇಳಿಸಲು ಈಗ ಹೆಸರಾಗಿರುವ ಸೆಮಾಗ್ಲುಟೈಡ್ ಬಗ್ಗೆ ಇಬ್ಬರು ಓದುಗರು ಕೇಳಿದ್ದಾರೆ. ಟೆಡುಗ್ಲುಟೈಡಿನ ಮತ್ತು ಅದರ ಹೆಸರುಗಳ ಬಾಲ ಒಂದೇ ಆದರೂ ಸೆಮಾಗ್ಲುಟೈಡ್ ಜಿಎಲ್‌ಪಿ-1 ರಿಸೆಪ್ಟರಿನ ಮೇಲೆ ಕೆಲಸ ಮಾಡುವಂಥದ್ದು. ಎರಡೂ ರಿಸೆಪ್ಟರುಗಳು ಒಂದೇ ಬಳಗದವು, ಆದರೆ ಒಂದರ ಹಾರ್ಮೋನಿಗೆ ಇನ್ನೊಂದು ಓಗೊಡುವುದಿಲ್ಲ.

ಪ್ರಶ್ನೆ: ನನ್ನ ತಂಗಿಗೆ ಎರಡು ತಿಂಗಳು ಮುಂಚಿತವಾಗಿ ಹೆರಿಗೆಯಾಯಿತು. ಮಗುವಿಗೆ ಡ್ರಿಪ್ ಹಾಕಿದ್ದರೂ ದಾದಿಯರು ಕೆಲವು ಗಂಟೆಗಳಿಗೊಮ್ಮೆ ಒಂದೆರಡು ಮಿಲಿಲೀಟರು ಎದೆಹಾಲನ್ನು ನಳಿಕೆಯಲ್ಲಿ ಕೊಡುತ್ತಿದ್ದರು. ಅಷ್ಟರಿಂದ ಯಾವ ಹೊಟ್ಟೆ ತುಂಬೀತು? (ಮೈಸೂರಿನ ಓದುಗರು)

ಉತ್ತರ: ಹೊಟ್ಟೆ ತುಂಬಿಸುವುದು ಅದರ ಉದ್ದೇಶವಲ್ಲ, ಬೆಳೆಯಬೇಕೆಂಬ ಸುದ್ದಿಯನ್ನು ಕರುಳಿಗೆ ಮುಟ್ಟಿಸುವುದು. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ರಕ್ತನಾಳದ ಮೂಲಕ ಮಾತ್ರ ಪೋಷಣೆ ಕೊಟ್ಟಾಗ, ಹಾಲು ಕುಡಿದ ಕೂಸುಗಳಲ್ಲಿ ಕಾಣುವ ಕರುಳಿನ ಹಾರ್ಮೋನುಗಳ ಏರಿಕೆ ಕಾಣುವುದಿಲ್ಲ ಎಂದು ಬ್ರಿಟನ್ನಿನ ಮಕ್ಕಳ ವೈದ್ಯರು 1980ರ ಆಸುಪಾಸಿನಲ್ಲಿ ಗಮನಿಸಿದರು. ತೀರ ಅಲ್ಪ ಪ್ರಮಾಣದ ಹಾಲಿಗೂ ಆ ಏರಿಕೆ ಬರುತ್ತದೆ. ಹನಿ ಹಾಲನ್ನು ಹೀಗೆ ಕೊಡುವ ಕ್ರಮ ಈಗ ಎಲ್ಲೆಡೆಯ ನವಜಾತ ಶಿಶು ಘಟಕಗಳಲ್ಲಿ ರೂಢಿಯಲ್ಲಿದೆ.

ಪ್ರಶ್ನೆ: ಹೆಬ್ಬಾವು ಬೇಟೆ ನುಂಗಿದ ಮೇಲೆ ಅದರ ಕರುಳೇ ದೊಡ್ಡದಾಗುತ್ತದೆ ಎಂದು ನಮ್ಮ ಮೇಷ್ಟ್ರು ಹೇಳಿದರು. ನಿಜವೇ? (ಶಿರಸಿಯಿಂದ ಹತ್ತನೆಯ ತರಗತಿಯ ವಿದ್ಯಾರ್ಥಿನಿ)

ಉತ್ತರ: ನಿಜ. ನಮ್ಮ ಕಾಡಿನ ಹೆಬ್ಬಾವಿನ ಹತ್ತಿರದ ನೆಂಟ ಬರ್ಮಾ ಹೆಬ್ಬಾವನ್ನು ಅಮೆರಿಕದ ಸ್ಟೀಫನ್ ಸೆಕೋರ್ ಮತ್ತು ಜೇರೆಡ್ ಡೈಮಂಡ್ 1990ರ ದಶಕದಲ್ಲಿ ವಿವರವಾಗಿ ಅಭ್ಯಾಸ ಮಾಡಿದರು. ಅದು ತಿಂಗಳುಗಟ್ಟಲೆ ಉಪವಾಸವಿದ್ದು ಒಮ್ಮೆ ನುಂಗಿದರೆ, ಒಂದೆರಡು ದಿನಗಳಲ್ಲಿ ಸಣ್ಣ ಕರುಳಿನ ತೂಕ ಸುಮಾರು ಎರಡು ಪಟ್ಟಾಗುತ್ತದೆ, ರಕ್ತದಲ್ಲಿ ಕರುಳಿನ ಹಲವು ಹಾರ್ಮೋನುಗಳು ಏರುತ್ತವೆ. ಆದರೆ ಇಷ್ಟು ಬೇಗ ಇಷ್ಟೊಂದು ಹೊಸ ಕೋಶ ಹುಟ್ಟಿಸಲು ಸಾಧ್ಯವಿಲ್ಲ. ಇದ್ದ ಕೋಶಗಳೇ ಕೊಬ್ಬನ್ನು ತುಂಬಿಕೊಂಡು ಉಬ್ಬುತ್ತವೆ, ವಿಲ್ಲೈಗಳಿಗೆ ರಕ್ತ ಮತ್ತು ದುಗ್ಧರಸ ನುಗ್ಗಿ ಅವು ಸೆಟೆದು ನಿಲ್ಲುತ್ತವೆ. ಜೀರ್ಣವೆಲ್ಲ ಮುಗಿದ ಮೇಲೆ ಕರುಳು ಮತ್ತೆ ಮುದುಡಿ ಮೊದಲಿನಂತಾಗುತ್ತದೆ.